ದೋಣಿ ನನ್ನದು, ಸಲಹೆ ಎಲ್ಲರದು

ನನ್ನ ದೋಣಿಯ ವಿಷಯದ ಫೋನುಗಳೆಲ್ಲ ನನ್ನ ಗಂಡನಿಗೆ ಬರುತ್ತಿದ್ದವು. ನನ್ನ ಗಂಡ ಅಲೆ ನೋಡಿದರೇ ವಾಂತಿ ಮಾಡಿಕೊಳ್ಳುವ ಮನುಷ್ಯ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವರಲ್ಲ, ಇನ್ನು ಮೀನಿನ ಮಾತೆಲ್ಲಿ! ಆದರೂ ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಗ್ಯಾರೇಜಿನ ಬಾಗಿಲಲ್ಲಿ ನಿಂತು, "ಹೌದಾ? ಟ್ವೆಂಟಿ ಫೋರ್ ವೋಲ್ಟಾ? ಸರಿ ಸರಿ, ಹೇಳ್ತೀನಿ ಅವಳಿಗೆ" ಎನ್ನುತ್ತಿದ್ದರು. ನಾನು ಅಲ್ಲೇ, ಅವರ ಕಾಲ ಬುಡದಲ್ಲೇ, ಟ್ರೇಲರಿನ ಚಕ್ರಕ್ಕೆ ಗ್ರೀಸು ತುಂಬುತ್ತಾ ಕೂತಿರುತ್ತಿದ್ದೆ. ಮೈಯೆಲ್ಲ ಉರಿದುಹೋಗುತ್ತಿತ್ತು.

ನಾನು ಮೈಸೂರಿನವಳು. ಈಗ ಪರದೇಶದಲ್ಲಿ, ಲಿವರ್‌ಮೋರ್ ಎಂಬ ಊರಿನ ಒಂದು ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆಯ ಕೆಲಸ. ಬಾಸ್ ಮೀನಿನ ಹುಚ್ಚು ಹಿಡಿದದ್ದು ಮಗಳಿಗೆ ನಾಲ್ಕೋ ಐದೋ ವರ್ಷವಾಗಿದ್ದಾಗ. ಕೆರೆಯ ದಂಡೆಯ ಮೇಲೆ ಅವಳು ಕಲ್ಲು ಎಸೆಯುತ್ತಾ ಕೂತಿದ್ದಳು; ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಒಬ್ಬ ಮುದುಕಿ, ಕಲ್ಲಿನ ಸದ್ದಿಗೆ ಬೈಯುವ ಬದಲು ನನ್ನ ಕೈಗೆ ತನ್ನ ಗಾಳದ ಕೋಲು ಕೊಟ್ಟಳು. ಅಂದು ನನ್ನ ಗಾಳಕ್ಕೆ ಬಾಸ್ ಒಂದು ಕಚ್ಚಿ ಜಗ್ಗಿದ ರಭಸಕ್ಕೆ ನನ್ನ ಭುಜ ಎರಡು ದಿನ ನೋಯಿತು. ಈ ಮೀನನ್ನು ನಮ್ಮಂಥವರು ತಿನ್ನಲು ಹಿಡಿಯುವುದಿಲ್ಲ. ಹಿಡಿಯುವುದು, ತೂಗುವುದು, ಮತ್ತೆ ನೀರಿಗೆ ಬಿಡುವುದು. ಗಂಡ ಅದಕ್ಕೇ ಸುಮ್ಮನಿದ್ದರು. "ಬಿಟ್ಬಿಡ್ತೀಯಲ್ಲ, ಪಾಪ ಇಲ್ಲ ಬಿಡು" ಎಂದು ಅವರೇ ತೀರ್ಪು ಕೊಟ್ಟುಕೊಂಡಿದ್ದರು.

ಆರು ವರ್ಷ ದಂಡೆಯಲ್ಲಿ ನಿಂತೆ. ಆಮೇಲೆ ನನ್ನ ಸಂಬಳದಲ್ಲಿ ಹಳೆಯದೊಂದು ಅಲ್ಯೂಮಿನಿಯಂ ದೋಣಿ ಕೊಂಡೆ. ಹದಿನಾರಡಿ ಉದ್ದ, ಹಿಂದೆ ಒಂದು ಎಂಜಿನ್. ಮುಂದೆ ಮೂತಿಯಲ್ಲಿ ಸದ್ದಿಲ್ಲದೆ ತಿರುಗುವ ಪುಟ್ಟ ಎಲೆಕ್ಟ್ರಿಕ್ ಮೋಟರು. ಮೀನಿನ ಹತ್ತಿರ ಹೋಗುವಾಗ ಎಂಜಿನ್ ನಿಲ್ಲಿಸಿ ಅದನ್ನು ಕಾಲಿನಿಂದ ಒತ್ತಿ ನಡೆಸಬೇಕು. ಅದಕ್ಕೊಂದೇ ಬ್ಯಾಟರಿ. ನೀರಿನ ಆಳ ತೋರಿಸುವ ಅಂಗೈಯಗಲದ ಒಂದು ಸ್ಕ್ರೀನು. ಇಷ್ಟೇ. ಇಷ್ಟರಲ್ಲೇ ನಾನು ಡೆಲ್ಟಾದ, ಎಂದರೆ ನದಿಗಳು ಸಮುದ್ರದತ್ತ ಕವಲೊಡೆಯುವ ಕಡೆಯ, ಕಾಲುವೆಗಳನ್ನೆಲ್ಲ ಸುತ್ತಿದ್ದೆ. ಸಮುದ್ರದ ಇಳಿತಕ್ಕೆ ನೀರಿಳಿಯುವ ಹೊತ್ತಿಗೆ ಜೊಂಡಿನೊಳಗಿನಿಂದ ಮೀನು ಅಂಚಿಗೆ ಬರುತ್ತದೆ. ಯಾವ ತಿರುವಿನ ಜೊಂಡಿಗೆ ಯಾವಾಗ ಹೋಗಬೇಕು ಎನ್ನುವುದು ನನ್ನ ಕಾಲಿಗೆ ಗೊತ್ತಿತ್ತು.

ನಮ್ಮ ಕಡೆಯ ಮೀನು ಹಿಡಿಯುವವರದೊಂದು ವಾಟ್ಸಾಪ್ ಗುಂಪಿದೆ. ಹದಿನೈದು ಜನ. ಬಹುಪಾಲು ಬೆಂಗಳೂರಿನವರು, ಎಂಜಿನಿಯರುಗಳು. ಆ ಗುಂಪಿನಲ್ಲಿ ಮೀನಿನ ಫೋಟೋಗಿಂತ ಸಾಮಾನಿನ ಫೋಟೋನೇ ಹೆಚ್ಚು. ಒಬ್ಬರು ಹೊಸ ರೀಲು ಹಾಕಿದರೆ ಇನ್ನೊಬ್ಬರು ಅದರ ಗೇರಿನ ಲೆಕ್ಕ ಹಾಕುತ್ತಾರೆ. ನೈಲಾನ್ ದಾರವೋ ಹೆಣೆದ ದಾರವೋ ಎಂದು ಮೂರು ದಿನ ಜಗಳ ನಡೆಯುತ್ತದೆ. ಹೆಂಗಸು ನಾನೊಬ್ಬಳೇ. ಒಮ್ಮೆ, "ಮೋಟರಿನ ಬ್ರಾಕೆಟ್ಟಿಗೆ ಯಾವ ಅಳತೆಯ ಬೋಲ್ಟು ಒಳ್ಳೇದು?" ಎಂದು ಕೇಳಿದ್ದೆ. ಉತ್ತರ ನನಗೆ ಬರಲಿಲ್ಲ. "ಸರ್ ನಂಬರ್ ಕೊಡಿ, ಅವರಿಗೆ ಎಕ್ಸ್‌ಪ್ಲೇನ್ ಮಾಡ್ತೀನಿ" ಎಂದು ಬಂತು. ಅಯ್ಯೋ ನಿಮ್ಮ ಮನೆ ಹಾಳಾಗ, ನಮ್ಮವರಿಗೆ ಸ್ಕ್ರೂಡ್ರೈವರ್ ಹಿಡಿಯುವುದು ಯಾವ ಕಡೆಯಿಂದ ಎಂದೇ ಗೊತ್ತಿಲ್ಲ! ಆದರೆ ನಂಬರ್ ಕೊಟ್ಟೆ. ಆ ದಡ್ಡತನವೂ ನನ್ನದೇ.

ನಂಬರ್ ಪಡೆದವರು ಹತ್ತಿರದ ಊರು ಡ್ಯಾನ್‌ವಿಲ್‌ನವರು. ಅವರದು ಮಿಣಮಿಣ ಮಿಂಚುವ ಬಣ್ಣದ ದೊಡ್ಡ ಬಾಸ್ ದೋಣಿ. ಆಫೀಸಿನಲ್ಲಿ ಯಾವುದೋ ತಂಡದ ಮುಖ್ಯಸ್ಥರಂತೆ; ದೋಣಿಯ ವಿಷಯವನ್ನೂ ಮೀಟಿಂಗಿನ ಧಾಟಿಯಲ್ಲೇ ಮಾತಾಡುತ್ತಾರೆ. ಕೆಟ್ಟವರಲ್ಲ. ಅದೇ ತಾಪತ್ರಯ, ಕೆಟ್ಟವರಾಗಿದ್ದರೆ ಫೋನ್ ಇಟ್ಟುಬಿಡಬಹುದಿತ್ತು.

ಆ ವರ್ಷ ಮಗಳು ಹೈಸ್ಕೂಲಿನ ಮೀನು ಹಿಡಿಯುವ ಕ್ಲಬ್ಬು ಸೇರಿದಳು. ಇಬ್ಬಿಬ್ಬರು ಮಕ್ಕಳದೊಂದು ತಂಡ. ದೋಣಿ ನಡೆಸಲು ಒಬ್ಬ ದೊಡ್ಡವರು ಬೇಕು, ಅವರಿಗೆ ಕ್ಯಾಪ್ಟನ್ ಎನ್ನುತ್ತಾರೆ. ಕ್ಯಾಪ್ಟನ್ ಗಾಳ ಮುಟ್ಟುವಂತಿಲ್ಲ, ದೋಣಿಯನ್ನು ಸರಿಯಾದ ಜಾಗಕ್ಕೆ ಒಯ್ಯುವುದಷ್ಟೇ ಕೆಲಸ. ಬೇರೆ ಮಕ್ಕಳೆಲ್ಲ ಅಪ್ಪಂದಿರನ್ನು ಕೇಳಿದರು. ಹದಿನೇಳರ ನನ್ನ ಮಗಳು, ಮಾತಿಗೆ ಮಾತು ಎದುರಾಡುವ ವಯಸ್ಸಿನವಳು, ಅಡುಗೆಮನೆಯ ಬಾಗಿಲಿಗೆ ಒರಗಿ, "ಅಮ್ಮಾ, ವಿಲ್ ಯೂ ಬಿ ಅವರ್ ಕ್ಯಾಪ್ಟನ್?" ಎಂದು ಕೇಳಿದಳು. ಒಗ್ಗರಣೆ ಸೀದುಹೋಯಿತು. ಅಕ್ಟೋಬರಿನಲ್ಲಿ ಡೆಲ್ಟಾದಲ್ಲಿ ಪಂದ್ಯ. ಮುಂದಿನ ಶರತ್ಕಾಲಕ್ಕೆ ಅವಳು ಕಾಲೇಜಿಗೆ ಹೋಗಿರುತ್ತಾಳೆ. ಮಗಳು ಗಾಳ ಹಾಕಬೇಕು, ಅವಳ ದೋಣಿಯನ್ನು ನಾನು ನಡೆಸಬೇಕು: ನನಗೆ ಬೇಕಾಗಿದ್ದದ್ದು ಅಷ್ಟೇ. ಅದಕ್ಕಿಂತ ಹೆಚ್ಚಿಗೆ ನಾನು ಯಾವ ದೇವರನ್ನೂ ಕೇಳಿರಲಿಲ್ಲ.

ಖುಷಿ ತಡೆಯಲಾರದೆ ಗುಂಪಿನಲ್ಲಿ ಹಾಕಿಬಿಟ್ಟೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

"ಟೂರ್ನಮೆಂಟ್ ಅಂದ್ರೆ ಸೀರಿಯಸ್ಸು. ಆ ಮೋಟರಲ್ಲಿ ಗಾಳಿ ಬಂದ್ರೆ ನಿಲ್ಲೋಕಾಗಲ್ಲ. ಟ್ವೆಂಟಿ ಫೋರ್ ವೋಲ್ಟ್ ಹಾಕ್ಸಿ ಸರ್" ಎಂದು ಡ್ಯಾನ್‌ವಿಲ್‌ನವರು ನನ್ನ ಗಂಡನಿಗೆ ಹೇಳಿದರು. ಅಂದರೆ ಎರಡು ಬ್ಯಾಟರಿ. ಎರಡು ಬ್ಯಾಟರಿ ಮುಂದೆ ಹಿಡಿಸುವುದಿಲ್ಲ, ಹಿಂದಕ್ಕೆ ಹಾಕಬೇಕು. ಹಿಂದಕ್ಕೆ ಹಾಕಿದರೆ ವೈರು ಉದ್ದವಾಗಬೇಕು, ಉದ್ದವಾದರೆ ದಪ್ಪವಾಗಬೇಕು, ದಪ್ಪವಾದರೆ ಹೊಸ ಸ್ವಿಚ್ ಬೋರ್ಡು. ಸ್ಕ್ರೀನು ಚಿಕ್ಕದಾಯಿತು, ಟಿವಿಯಷ್ಟಗಲದ್ದು ಬೇಕು. ಇಷ್ಟಕ್ಕೂ ಒಂದು ಸ್ಪ್ರೆಡ್‌ಶೀಟು ಬಂತು, ನನ್ನ ಗಂಡನ ಈಮೇಲಿಗೆ. ಗಂಡ ಅದನ್ನು ಪ್ರಿಂಟು ತೆಗೆದು ಫ್ರಿಜ್ಜಿಗೆ ಅಂಟಿಸಿದರು.

ಬೇಡ ಎನ್ನಬಹುದಿತ್ತು. ಹನ್ನೆರಡು ವರ್ಷ ಯಾರ ಹಂಗೂ ಇಲ್ಲದೆ ಮೀನು ಹಿಡಿದವಳಿಗೆ ಆಗ ಬೇಡ ಎನ್ನುವ ಬಾಯಿ ಎಲ್ಲಿ ಹೋಗಿತ್ತೋ ಕಾಣೆ. ಮಗಳ ಪಂದ್ಯ ಎಂಬ ಹೆದರಿಕೆ ಹೊಕ್ಕಿತ್ತು. ನಾಳೆ ಗಾಳಿ ಬಂದು ದೋಣಿ ನಿಲ್ಲದೆ ಹೋದರೆ? ಹೇಳಿದರೂ ಕೇಳಲಿಲ್ಲ ಎಂದರೆ? ಒಂದೊಂದಕ್ಕೇ ಹೂಂ ಎಂದೆ. ಬೇಸಿಗೆಯ ರಜೆಯೆಲ್ಲ ದೋಣಿ ಗ್ಯಾರೇಜಿನಲ್ಲಿ ಹೊಟ್ಟೆ ಬಗೆದುಕೊಂಡು ಬಿದ್ದಿತ್ತು.

"ಇವತ್ತಾದ್ರೂ ಹೋಗ್ತೀವಾ?" ಎಂದು ಮಗಳು ಪ್ರತಿ ಭಾನುವಾರ ಕೇಳುತ್ತಿದ್ದಳು.

"ಸ್ಕ್ರೀನಿನ ಮೌಂಟು ಇನ್ನೂ ಬಂದಿಲ್ಲ ಪುಟ್ಟಾ. ಮುಂದಿನ ವಾರ."

"ಸ್ಕ್ರೀನ್ ಯಾಕೆ? ಯೂ ನೋ ವೇರ್ ದೇ ಆರ್."

"ಅಂಕಲ್ ಹೇಳಿದಾರೆ, ಇರಲಿ."

ಅವಳು ಮುಖ ಊದಿಸಿಕೊಂಡು ಒಳಗೆ ಹೋಗುತ್ತಿದ್ದಳು. ನನಗೂ ಸಿಟ್ಟು. ಯಾರಿಗಾಗಿ ಮಾಡುತ್ತಿದ್ದೇನೆ ಇದನ್ನೆಲ್ಲ, ಇವಳಿಗೇ ತಾನೇ, ಕೃತಜ್ಞತೆ ಬೇಡವೇ ಎಂದು ಸ್ಪ್ಯಾನರು ಕುಕ್ಕುತ್ತಿದ್ದೆ.

ಬುದ್ಧಿ ಹೇಳಿದವರು ಒಬ್ಬರೇ: ಗಿಲ್‌ರಾಯ್ ಊರಿನಿಂದ ಬರುವ, ನಮ್ಮ ಗುಂಪಿನವರೇ ಆದ ಚಾಚಾ. ಹುಬ್ಬಳ್ಳಿಯ ಮುಸ್ಲಿಮರು, ಅರವತ್ತು ದಾಟಿದೆ, ಟೈರು ಮತ್ತು ಟ್ರೇಲರು ರಿಪೇರಿಯ ಅಂಗಡಿ ಇದೆ. ಗುಂಪಿನಲ್ಲಿ ಬರೆಯುವುದಿಲ್ಲ, ಗಾಡಿ ಹತ್ತಿ ಬರುತ್ತಾರೆ. ನನ್ನ ಟ್ರೇಲರಿನ ಬೇರಿಂಗು ನೋಡಲು ಬಂದವರು ದೋಣಿಯೊಳಗೆ ಬಗ್ಗಿ ನೋಡಿ ಹಣೆ ಹಣೆ ಬಡಿದುಕೊಂಡರು.

"ಏನ್ರೀ ಅಕ್ಕಾರ, ಇಷ್ಟ್ಯಾಕ ಬಿಚ್ಚಿಟ್ಟೀರಿ? ಚಲೋನ ಇತ್ತಲ್ರೀ."

"ಎಲ್ಲಾರೂ ಹೇಳಿದ್ರು ಚಾಚಾ."

"ಹೇಳವ್ರು ಹೇಳ್ತಾರ. ನಡಸವ್ರು ನೀವು ಹೌದಿಲ್ರೀ? ಹಿಂದ ಎರಡ ಬ್ಯಾಟರಿ ಕುಂದ್ರಿಸಿದ್ರ ಹಿಂದಕ ಕೂರತೈತ್ರಿ ಇದು. ತಗೀರಿ ಅದನ್ನ."

ಅವರು ಹೋದ ಮೇಲೆ ನಾನು ಏನು ಮಾಡಿದೆ ಗೊತ್ತೇ? ಅವರು ಹೇಳಿದ್ದು ಸರಿಯೇ ಎಂದು ಡ್ಯಾನ್‌ವಿಲ್‌ನವರನ್ನು ಕೇಳಿದೆ. ಈ ಸಲ ಗಂಡನ ಮೂಲಕ ಅಲ್ಲ, ನಾನೇ. "ಮೇಡಂ, ಚಾಚಾ ಓಲ್ಡ್ ಸ್ಕೂಲು. ಡೋಂಟ್ ವರಿ" ಎಂದರು. ವರಿ ಮಾಡಲಿಲ್ಲ. ಬ್ಯಾಟರಿ ಹಿಂದೆಯೇ ಉಳಿಯಿತು.

ಕೊನೆಗೆ ಡ್ಯಾನ್‌ವಿಲ್‌ನವರಿಂದ ಒಂದು ಪಟ್ಟಿಯೂ ಬಂತು. ದೋಣಿ ನೀರಿಗಿಳಿಸುವ ಮುಂಚೆ ನೋಡಬೇಕಾದ ಇಪ್ಪತ್ತೆರಡು ಅಂಶ, ಪ್ಲಾಸ್ಟಿಕ್ ಹಾಳೆಯೊಳಗೆ ಬೆಚ್ಚಗೆ ಕೂತ ಪಟ್ಟಿ. ಬ್ಯಾಟರಿ ಎಷ್ಟು ಪರ್ಸೆಂಟು, ಸ್ಕ್ರೀನಿನ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆಯೇ, ಒಂದರಿಂದ ಎಂಟರವರೆಗಿನ ಸ್ವಿಚ್ಚುಗಳು ಸರಿಯಿವೆಯೇ. ದೋಣಿಯ ಹಿಂಭಾಗದಲ್ಲಿ, ಕೆಳಗೆ, ಹೆಬ್ಬೆರಳಗಲದ ಒಂದು ತೂತಿರುತ್ತದೆ. ದಡದ ಮೇಲಿರುವಾಗ ಒಳಗಿನ ನೀರು ಬಸಿಯಲು ಅದರ ಬಿರಡೆ ತೆಗೆಯುತ್ತಾರೆ. ನೀರಿಗಿಳಿಸುವ ಮುಂಚೆ ತಿರುಗಿಸಿ ಹಾಕುತ್ತಾರೆ. ನನಗೊಂದು ಅಭ್ಯಾಸವಿತ್ತು, ಮನೆ ಬಿಡುವ ಮುಂಚೆ ಬಗ್ಗಿ ಅದಕ್ಕೆ ಬೆರಳು ತಾಗಿಸಿಯೇ ಗಾಡಿ ಹತ್ತುತ್ತಿದ್ದೆ. ಆ ಪಟ್ಟಿಯಲ್ಲಿ ಬಿರಡೆ ಇರಲಿಲ್ಲ. ಅವರ ದೋಣಿಯನ್ನು ತೊಳೆದು ಒರೆಸಿ ಇಡುವವರು ಬೇರೆ, ಅವರಿಗೆ ಅದು ಹೊಳೆದೇ ಇಲ್ಲ. ಪಟ್ಟಿ ಓದಿದಾಗ ನನಗೆ ಹೊಳೆಯಿತು. ಹೇಳಬೇಕೆಂದುಕೊಂಡೆ. ಅಷ್ಟು ಮುತುವರ್ಜಿಯಿಂದ ಮಾಡಿದವರಿಗೆ ಕೊಂಕು ತೆಗೆದಂತಾಗುತ್ತದೆ ಎಂದು ಸುಮ್ಮನಾದೆ.

ಪಂದ್ಯ ಶನಿವಾರ, ವಿಜಯದಶಮಿಯ ದಿನ. ಶುಕ್ರವಾರ ಆಯುಧಪೂಜೆ. ದೋಣಿಯತ್ತ ವರ್ಷವಿಡೀ ತಲೆ ಹಾಕದ ನನ್ನ ಗಂಡನಿಗೆ ಆಯುಧಪೂಜೆ ಎಂದರೆ ಮೈಮೇಲೆ ದೇವರು ಬರುತ್ತದೆ. ನಾನು ಕೆಲಸದಿಂದ ಬರುವಷ್ಟರಲ್ಲಿ ಕಾರು, ನನ್ನ ಟ್ರಕ್ಕು, ದೋಣಿ ಎಲ್ಲ ತೊಳೆದು, ಎಂಜಿನ್ನಿಗೆ ಚೆಂಡುಹೂವಿನ ಹಾರ ಹಾಕಿ, ಟ್ರೇಲರಿನ ಚಕ್ರದಡಿ ನಿಂಬೆಹಣ್ಣು ಇಟ್ಟು, ಡ್ರೈವ್‌ವೇಯಲ್ಲಿ ಬೂದುಗುಂಬಳ ಒಡೆದಿದ್ದರು. ಎದುರು ಮನೆಯವರು ಏನಾಯಿತೋ ಎಂದು ಪರದೆ ಸರಿಸಿ ನೋಡುತ್ತಿದ್ದರು. ದೇವರ ಮುಂದೆ ಹರಿವಾಣದಲ್ಲಿ ಚಾಕು, ಕತ್ತರಿ, ಸುತ್ತಿಗೆ, ಮಗಳ ಲ್ಯಾಪ್‌ಟಾಪು. ಎಲ್ಲಕ್ಕೂ ಕುಂಕುಮ. ಮಾರನೆಯ ಬೆಳಿಗ್ಗೆ ಮರುಪೂಜೆ ಆಗುವವರೆಗೆ ಆ ಹರಿವಾಣದಿಂದ ಏನನ್ನೂ ಎತ್ತುವಂತಿಲ್ಲ. ನಾನು ಆತುರದಲ್ಲಿ ಮಂಗಳಾರತಿ ಕಣ್ಣಿಗೊತ್ತಿಕೊಂಡೆ, ಹೂವಿನಡಿ ಏನೇನಿದೆ ಎಂದು ನೋಡಲಿಲ್ಲ.

ಮುಂಜಾನೆ ಬ್ಯಾಟರಿ ದೀಪ ಹಿಡಿದು ಇಪ್ಪತ್ತೆರಡಕ್ಕೆ ಇಪ್ಪತ್ತೆರಡನ್ನೂ ನೋಡಿ ಟಿಕ್ಕು ಹಾಕಿದೆ. ಬಗ್ಗಲಿಲ್ಲ. ಬೆರಳು ತಾಗಿಸಲಿಲ್ಲ. ಪಟ್ಟಿ ಮುಗಿದ ಮೇಲೆ ಕೆಲಸವೂ ಮುಗಿಯಿತು ಎಂದು ನಂಬಿದ್ದೆ.

ಡೆಲ್ಟಾದ ದೋಣಿ ಇಳಿಸುವ ಇಳಿಜಾರಿನಲ್ಲಿ ಇಪ್ಪತ್ತು ತಂಡ ಸಾಲುಗಟ್ಟಿದ್ದವು. ಮಗಳು, ಅವಳ ಜೊತೆಯ ಹುಡುಗಿ ಇಬ್ಬರೂ ಚಳಿಗೆ ಕುಣಿಯುತ್ತಿದ್ದರು. ನಾನು ಒಂದೇ ಸಲಕ್ಕೆ ಟ್ರೇಲರು ನೀರಿಗಿಳಿಸಿದೆ. ಅದರಲ್ಲಿ ನನ್ನನ್ನು ಯಾರೂ ಸೋಲಿಸಲಾರರು. ಹುಡುಗಿಯರು ದೋಣಿ ಹತ್ತಿದರು, ನಾನು ಟ್ರಕ್ಕು ನಿಲ್ಲಿಸಿ ಓಡಿ ಬಂದೆ.

"ಅಮ್ಮಾ, ಮೈ ಶೂಸ್ ಆರ್ ವೆಟ್" ಎಂದಳು ಮಗಳು.

ದೋಣಿಯ ಹಿಂಭಾಗ ಕೂತುಬಿಟ್ಟಿತ್ತು. ನೆಲದ ಮೇಲೆ ಪಾದ ಮುಳುಗುವಷ್ಟು ನೀರು, ಗಾಳದ ಡಬ್ಬಿಗಳು ತೇಲುತ್ತಿದ್ದವು. ಒಳಗಿನ ನೀರು ಹೊರಹಾಕುವ ಪಂಪು ಇತ್ತು, ಇಲ್ಲವೆಂದಲ್ಲ. ಹಳೆಯ ಬೋರ್ಡಿನಲ್ಲಿ ಅದಕ್ಕೆ ಕೆಂಪು ಸ್ವಿಚ್ಚು, ಕಣ್ಣುಮುಚ್ಚಿ ಒತ್ತುತ್ತಿದ್ದೆ. ಈಗ ಎಂಟು ಕರಿ ಸ್ವಿಚ್ಚು, ಮೇಲೆ ನಂಬರು. ಯಾವ ನಂಬರು ಯಾವುದಕ್ಕೆ ಎನ್ನುವುದು ಫ್ರಿಜ್ಜಿಗೆ ಅಂಟಿಸಿದ ಸ್ಪ್ರೆಡ್‌ಶೀಟಿನಲ್ಲಿದೆ! ಎಂಟನ್ನೂ ಒತ್ತಿದೆ. ಯಾವುದೋ ಕಡೆ ಚಟ್ ಎಂದಿತು, ಟಿವಿಯಷ್ಟಗಲದ ಸ್ಕ್ರೀನು ಕಪ್ಪಾಯಿತು.

ಮತ್ತೆ ಟ್ರೇಲರಿಗೆ ಹತ್ತಿಸಿ ಮೇಲೆಳೆದಾಗ ಹಿಂದಿನ ತೂತಿನಿಂದ ನೀರು ಧಾರಾಕಾರ ಸುರಿಯಿತು. ಇಪ್ಪತ್ತು ತಂಡ, ಅವರ ಅಪ್ಪಂದಿರು, ಎಲ್ಲರೂ ನಿಂತು ನೋಡಿದರು. ಗಂಡನಿಗೆ ಫೋನ್ ಮಾಡಿದೆ.

"ದೋಣಿ ಹಿಂದಿನ ಬಿರಡೆ ಎಲ್ಲಿ?"

"ಆ ಹಿತ್ತಾಳೆದಾ? ತೊಳೆದ ನೀರು ಹೋಗ್ಲಿ ಅಂತ ತೆಗ್ದೆ. ಹಿತ್ತಾಳೆ ಅಲ್ವಾ, ಪೂಜೆಗೆ ಶ್ರೇಷ್ಠ ಅಂತ ಹರಿವಾಣದಲ್ಲಿ ಇಟ್ಟಿದೀನಿ. ಮರುಪೂಜೆ ಈಗ ಮಾಡ್ಬೇಕು, ಯಾಕೆ?"

ಫೋನ್ ಇಟ್ಟುಬಿಟ್ಟೆ.

ಟ್ರೇಲರುಗಳಿಗೆ ಸಹಾಯ ಮಾಡಲೆಂದು ಬಂದಿದ್ದ ಚಾಚಾ ಓಡಿ ಬಂದು ತಮ್ಮ ಗಾಡಿಯಿಂದ ರಬ್ಬರಿನ ಬಿರಡೆಯೊಂದನ್ನು ತಂದು ತಿರುಗಿಸಿ ಬಿಗಿದರು. ದೋಣಿಯನ್ನು ಮತ್ತೆ ನೀರಿಗಿಳಿಸಿ ಎಂಜಿನ್ನಿನ ದಾರ ಎಳೆದರು. ಎಂಜಿನ್ ಗುರ್ರೆಂದಿತು.

"ಆತ್ರೀ ಅಕ್ಕಾರ, ಹೋಗ್ರಿ. ಮುಂದಿನ ಮೋಟರ್ ಸತ್ತರ ಸಾಯ್ಲಿ, ಎಂಜಿನ್ ಐತಿ, ಹುಟ್ಟ ಐತಿ. ನಿಮಗ ಜಾಗಾ ಗೊತ್ತೈತಿ. ಹೋಗ್ರಿ!"

ಮಗಳು ಆಗಲೇ ಹುಟ್ಟು ಕೈಗೆ ತೆಗೆದುಕೊಂಡಿದ್ದಳು. ಹೊರಡಲು ಹತ್ತು ನಿಮಿಷವಿತ್ತು. ನೀರು ಇಳಿಯುತ್ತಿತ್ತು, ಎರಡನೆಯ ತಿರುವಿನ ಜೊಂಡಿನ ಅಂಚಿಗೆ ಮೀನು ಬರುವ ಹೊತ್ತು. ಹುಟ್ಟು ಹಾಕಿಕೊಂಡೇ ಅಲ್ಲಿಗೆ ಹೋಗಬಹುದಿತ್ತು. ಮೊದಲೆಲ್ಲ ನಾನು ಹಾಗೇ ಹೋಗಿದ್ದೆ.

ನಾನು ಸುತ್ತ ನೋಡಿದೆ. ಡ್ಯಾನ್‌ವಿಲ್‌ನವರು ಅಲ್ಲೇ ಇದ್ದರು. ಅವರ ಮಗನಿಗೆ ಜ್ವರ ಬಂದು ಅವನ ತಂಡ ಹಿಂದೆ ಸರಿದಿತ್ತು. ಯಾರಿಗಾದರೂ ಬೇಕಾದರೆ ಎಂದು ದೋಣಿ ಮಾತ್ರ ತಂದಿದ್ದರು.

"ಏನ್ ಮಾಡ್ಲಿ?" ಎಂದು ಅವರನ್ನು ಕೇಳಿದೆ.

ಹಾಗೆಂದು ಕೇಳಿದ್ದು ನನ್ನ ಬಾಯೇ. ಈಗಲೂ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

"ವೈರಿಂಗ್ ಒದ್ದೆ ಆಗಿದೆ, ರಿಸ್ಕು ಮೇಡಂ. ಮಕ್ಕಳು ನನ್ ದೋಣೀಲಿ ಬರ್ಲಿ. ಆರ್ಗನೈಸರ್ಸ್‌ಗೆ ನಾನು ಹೇಳ್ತೀನಿ" ಎಂದರು. ನಿಜಕ್ಕೂ ಸಹಾಯಕ್ಕೇ ಹೇಳಿದ್ದು.

ಮಗಳು ನನ್ನ ಮುಖ ನೋಡಿದಳು. ನಾನು ಇನ್ನೂ ಅವರ ಮುಖ ನೋಡುತ್ತಿದ್ದೆ. ಅವಳು ಹುಟ್ಟನ್ನು ದೋಣಿಯೊಳಗೆ ಮೆಲ್ಲಗೆ ಇಟ್ಟು, ತನ್ನ ಗಾಳದ ಕೋಲುಗಳನ್ನು ಒಂದೊಂದಾಗಿ ಎತ್ತಿಕೊಂಡು ಆ ಮಿಂಚುವ ದೋಣಿಗೆ ನಡೆದಳು. ಜೊತೆಯ ಹುಡುಗಿಯೂ ಹೋದಳು. ಚಾಚಾ ಟೋಪಿ ತೆಗೆದು ತಲೆ ಕೆರೆದುಕೊಂಡು ಇನ್ನೊಬ್ಬರ ಟ್ರೇಲರಿನ ಕಡೆ ಹೋದರು.

ಮಧ್ಯಾಹ್ನ ಮೂರರವರೆಗೆ ನಾನು ಟ್ರಕ್ಕಿನಲ್ಲಿ ಕೂತಿದ್ದೆ. ಮೂವರಿಗೆಂದು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನವನ್ನು ಸಿಟ್ಟಿಗೆ ನಾನೊಬ್ಬಳೇ ತಿಂದೆ. ಎಲ್ಲರ ಮೇಲೂ ಸಿಟ್ಟು ಬಂತು: ಗಂಡನ ಮೇಲೆ, ಹರಿವಾಣದ ಮೇಲೆ, ಸ್ಪ್ರೆಡ್‌ಶೀಟಿನ ಮೇಲೆ. ಎಷ್ಟು ಸುತ್ತಿ ಬಂದರೂ ಸಿಟ್ಟು ನನ್ನ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಹುಡುಗಿಯರು ಐದು ಮೀನು ತಂದರು. ನಾಲ್ಕನೆಯ ಸ್ಥಾನ ಬಂತು. ಮಗಳು ದೊಡ್ಡ ಬಾಸ್ ಒಂದನ್ನು ಬಾಯಿ ಹಿಡಿದು ಎತ್ತಿ ನಿಂತ ಫೋಟೋ ನಾನೇ ತೆಗೆದೆ. ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ತಾಯಿಗೆ ಹೊಟ್ಟೆ ಉರಿಯಬಾರದು ಎಂದು ಯಾರಾದರೂ ಹೇಳಿದರೆ ಅವರು ಆ ದಡದಲ್ಲಿ ನಿಂತಿರಲಿಲ್ಲ.

ವಾಪಸು ಬರುವಾಗ ಖಾಲಿ ದೋಣಿ ಎಳೆದುಕೊಂಡು ಫ್ರೀವೇ ಹತ್ತಿದೆವು. ಮಾತು ಅವಳೇ ಶುರು ಮಾಡಿದಳು.

"ಸ್ಪ್ರಿಂಗಲ್ಲಿ ಇನ್ನೊಂದು ಟೂರ್ನಮೆಂಟ್ ಇದೆ. ಕ್ಯಾಪ್ಟನ್ ಆಗ್ತೀರಾ ಅಂತ ಅಂಕಲ್‌ನ ಕೇಳ್ದೆ. ಹಿ ಸೆಡ್ ಯೆಸ್."

"ಅಷ್ಟರೊಳಗೆ ನಮ್ಮ ದೋಣಿ ರಿಪೇರಿ ಆಗತ್ತೆ ಪುಟ್ಟಾ. ಎಲ್ಲಾ ಕಿತ್ತಾಕ್ತೀನಿ. ಮೊದಲಿದ್ದ ಹಾಗೇ ಮಾಡ್ತೀನಿ."

"ಇಟ್ಸ್ ನಾಟ್ ದ ಬೋಟ್, ಅಮ್ಮಾ."

ಮತ್ತೇನು ಎಂದು ಕೇಳಿದೆ. ಕೇಳಬಾರದಿತ್ತು.

"ಅಂಕಲ್‌ಗೆ ಜೊಂಡು ಹತ್ರ ಮೀನು ಬರತ್ತೆ ಅಂತಾನೂ ಗೊತ್ತಿರ್ಲಿಲ್ಲ, ನಾನೇ ಹೇಳ್ದೆ. ನೀನು ಹೇಳ್ಕೊಟ್ಟಿದ್ದು. ಆದ್ರೆ ಅವ್ರು ಹೋಗೋಣ ಅಂದ್ರೆ ಹೋಗ್ತಾರೆ. ನಿನ್ ಬೋಟಲ್ಲಿ ನೀರು ಬಂದಾಗ ನಂಗೆ ಭಯ ಆಗ್ಲಿಲ್ಲ. ನೀನು ಅವರನ್ನ ಕೇಳಿದ್ಯಲ್ಲಾ, ಆಗ ಭಯ ಆಯ್ತು."

ಕೋಪದಿಂದ ಹೇಳಿದ್ದರೆ ಗದರಿಸಿಬಿಡುತ್ತಿದ್ದೆ. ಅವಳು ಮೆಲ್ಲಗೆ, ನನಗೆ ನೋವಾಗದಂತೆ ಮಾತು ಆರಿಸಿ ಆರಿಸಿ ಹೇಳಿದಳು. ನನ್ನ ಮಗಳು ನನ್ನ ಬಗ್ಗೆ ಮರುಕಪಡುತ್ತಿದ್ದಳು, ಅದನ್ನು ತಡೆಯಲಾಗಲಿಲ್ಲ. ಮುಂದಿನ ಕಾರಿನ ಕೆಂಪು ದೀಪ ಮಂಜಾಯಿತು, ಕಣ್ಣೊರೆಸಿಕೊಂಡೆ. ಬಿಟ್ಟುಕೊಡಲೇಬೇಡ, ಇನ್ನೊಂದು ಸಲ ಕೇಳು, ಗೋಗರೆ ಎಂದು ಮನಸ್ಸು ಒಳಗೆ ಕಿರುಚುತ್ತಿತ್ತು.

"ಸರಿ ಪುಟ್ಟಾ, ಅವರ ಜೊತೆಗೇ ಹೋಗು" ಎಂದೆ. ಆ ಇಡೀ ವರ್ಷದಲ್ಲಿ ಯಾರನ್ನೂ ಕೇಳದೆ ನಾನು ತೀರ್ಮಾನಿಸಿದ್ದು ಅದೊಂದನ್ನೇ.